ಪಂಢರಿ ಆಚಾರ್ರ ಒಂದು ಮುಷ್ಟಿ ಉಪ್ಪು

ಮೂವತ್ನಾಲ್ಕು ವರ್ಷ ಊರಿಗೆಲ್ಲ ಸಾರು ಉಣಿಸಿದ ಮನುಷ್ಯ ತಾನು ಮಾಡಿದ ಸಾರನ್ನು ಒಂದು ದಿನವೂ ಬಿಸಿಯಾಗಿ ಉಂಡಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಮದರಾಸಿನ ಪುರಸೈವಾಕ್ಕಂನಲ್ಲಿರುವ ಆ ಸಣ್ಣ ರಾಯರ ಮಠದ ಅಡುಗೆಮನೆಯನ್ನು ಬಲ್ಲವರು ಮಾತ್ರ ನಂಬುತ್ತಾರೆ. ಅಲ್ಲಿ ನೈವೇದ್ಯವಾಗುವ ಮೊದಲು ಅಡುಗೆಯನ್ನು ನಾಲಿಗೆಗೆ ತಾಕಿಸುವಂತಿಲ್ಲ. ಮೂಸಿ ನೋಡುವಂತೆಯೂ ಇಲ್ಲ. ಆದರೆ ಮೂಗು ಮುಚ್ಚಿಕೊಂಡು ಸಾರು ಕುದಿಸುವುದು ಯಾರಿಂದಾಗುತ್ತದೆ ಎಂದು ಪಂಢರಿನಾಥಾಚಾರ್ಯರು ನಗುತ್ತಿದ್ದರು. ನೈವೇದ್ಯವಾದ ಮೇಲಾದರೂ ಪುರುಸೊತ್ತುಂಟೇ? ಪಂಕ್ತಿಯ ಮೇಲೆ ಪಂಕ್ತಿ ಬಡಿಸಬೇಕು. ಅಡುಗೆಯವರಿಗೆ ಎಲೆ ಹಾಕುವಾಗ ಸಂಜೆ ನಾಲ್ಕು ಗಂಟೆ. ಆಗ ಕೊಪ್ಪರಿಗೆಯ ತಳದಲ್ಲಿ ನಾಲ್ಕು ಸೌಟು ಸಾರು ಉಳಿದಿದ್ದರೆ ಅದು ತಣ್ಣಗೆ ಕೆನೆಗಟ್ಟಿರುತ್ತಿತ್ತು.

ರುಚಿ ನೋಡದೆ ಉಪ್ಪು ಹಾಕುವುದು ಹೇಗೆ ಎಂದು ಕೇಳಿದವರಿಗೆ ಪಂಢರಿ ಆಚಾರ್ರು ಬಲಗೈ ಮುಷ್ಟಿ ಹಿಡಿದು ತೋರಿಸುತ್ತಿದ್ದರು. ಒಂದು ಪಡಿ ಬೇಳೆಗೆ ಮೂರು ಮುಷ್ಟಿ ಕಲ್ಲುಪ್ಪು. ಅವರಪ್ಪ ಬಳ್ಳಾರಿ ಕಡೆಯಿಂದ ಮದರಾಸಿಗೆ ಬಂದು ಇದೇ ಮಠದಲ್ಲಿ ಅಡುಗೆಗೆ ನಿಂತಾಗಲೂ ಅದೇ ಲೆಕ್ಕ. ಮುಷ್ಟಿ ತುಂಬಿದ್ದು ಅಂಗೈಗೆ ಗೊತ್ತಾಗುತ್ತದೆ, ಕಣ್ಣಿಗೆ ಅಲ್ಲಿ ಕೆಲಸವಿಲ್ಲ ಎನ್ನುತ್ತಿದ್ದರು. ಹೇಳುವಾಗ ಸ್ವಲ್ಪ ಜಂಭವೂ ಇರುತ್ತಿತ್ತು. ಇರಲಿ ಬಿಡಿ, ಆ ಕೈ ಇಬ್ಬರು ಎತ್ತುವ ಅನ್ನದ ಕೊಪ್ಪರಿಗೆಯನ್ನು ಒಂದೇ ಎಳೆತಕ್ಕೆ ಒಲೆಯಿಂದ ಇಳಿಸುತ್ತಿತ್ತು. ಜಂಭಪಡುವ ಹಕ್ಕು ಅದಕ್ಕಿತ್ತು.

ಉಪ್ಪು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂಬುದು ಪಂಕ್ತಿಯಲ್ಲಿ ತಿಳಿಯುತ್ತಿತ್ತು. ಸಾರಿನ ಬಕೆಟ್ಟು ಎರಡನೆಯ ಸಲ ಬರುವ ಹೊತ್ತಿಗೆ ಆಚಾರ್ರು ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು, ಎಷ್ಟು ಜನ ಮತ್ತೆ ಕರೆಯುತ್ತಾರೆಂದು ಎಡಗೈ ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಿದ್ದರು. ಮೊದಲ ಸೌಟನ್ನು ಎಲ್ಲರೂ ಹಾಕಿಸಿಕೊಳ್ಳುತ್ತಾರೆ, ಅದರಲ್ಲೇನಿದೆ? ಎದುರು ಹೆಂಗಸರ ಸಾಲಿನಲ್ಲಿ ಭೀಮಾಬಾಯಿ ಕೂತಿರುತ್ತಿದ್ದರು. ಆಚಾರ್ರ ಹೆಂಡತಿ. ಮದುವೆಯಾಗಿ ಬಂದ ವರ್ಷದಿಂದ ಅವರು ಎರಡನೆಯ ಸಾರು ಹಾಕಿಸಿಕೊಳ್ಳದೆ ಎದ್ದದ್ದಿಲ್ಲ. ಬಾಯಿ ಬಿಟ್ಟು ಕರೆಯುತ್ತಿರಲಿಲ್ಲ. ಪಂಕ್ತಿಯಲ್ಲಿ ಹೆಂಗಸರು ಕೂಗಿ ಕೇಳುವುದು ಅವರಿಗೆ ಸರಿ ಬರುತ್ತಿರಲಿಲ್ಲ. ತಲೆಯೆತ್ತಿ ಒಮ್ಮೆ ಬಡಿಸುವವರ ಕಡೆ ನೋಡುತ್ತಿದ್ದರು, ಅಷ್ಟೇ. ಆಚಾರ್ರ ಎಣಿಕೆ ಯಾವಾಗಲೂ ಅಲ್ಲಿಂದಲೇ ಶುರುವಾಗುತ್ತಿತ್ತು.

ಹೋದ ವರ್ಷ ರಾಯರ ಆರಾಧನೆಯ ನಡುದಿನ, ಮಧ್ಯಾರಾಧನೆಯಂದು, ಆ ಎಣಿಕೆ ಏಳಕ್ಕೆ ನಿಂತಿತು.

ನಾನೂರು ಜನರಲ್ಲಿ ಏಳು ಮಂದಿ. ಅದು ಚಾತುರ್ಮಾಸ್ಯದಲ್ಲಿ ಮೊಸರು ಬಿಡುವ ತಿಂಗಳು; ಮಠದಲ್ಲಿ ಮೊಸರಿಲ್ಲ, ಮಜ್ಜಿಗೆಯಿಲ್ಲ, ಸಾರಿಗೇ ಎಲ್ಲರೂ ಕೈಚಾಚುವ ಕಾಲ. ಅಂಥ ದಿನ ಬಕೆಟ್ಟುಗಳು ಅರ್ಧ ತುಂಬಿದಂತೆಯೇ ಒಳಗೆ ಬಂದವು. ಆರಾಧನೆಯ ಪ್ರಸಾದಕ್ಕೆ ಹೆಸರಿಡುವ ಧೈರ್ಯ ಯಾರಿಗಿದೆ? ಆಚಾರ್ರು ಹೆಂಗಸರ ಸಾಲಿನ ಕಡೆ ನೋಡಿದರು. ಭೀಮಾಬಾಯಿ ತಲೆ ತಗ್ಗಿಸಿ ಕಡಲೆಬೇಳೆ ಹಯಗ್ರೀವ ಉಣ್ಣುತ್ತಿದ್ದರು. ಬಕೆಟ್ಟು ಅವರನ್ನು ದಾಟಿ ಮುಂದೆ ಹೋಯಿತು. ಅವರು ತಲೆಯೆತ್ತಲಿಲ್ಲ.

ನಾಲ್ಕು ಗಂಟೆಗೆ ಆಚಾರ್ರು ಉಣ್ಣಲು ಕೂತು ಅದೇ ಸಾರನ್ನು ಬಾಯಿಗಿಟ್ಟರೆ ಏನೂ ಕೊರತೆ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅವರಿಗೆ ಮನೆಯಲ್ಲಿ ಒಂದು ವರ್ಷದಿಂದ ಉಪ್ಪಿಲ್ಲದ ಪಥ್ಯದೂಟ. ಆ ನಾಲಿಗೆಗೆ ಸಪ್ಪೆ ಸಾರೂ ಉಪ್ಪುಪ್ಪಾಗಿಯೇ ಇತ್ತು. ಮಠದ ವ್ಯವಸ್ಥಾಪಕ ಸುಶಮೀಂದ್ರ ಬಂದು, ಈಗಿನ ಜನಕ್ಕೆ ಬಿಪಿ ಭಯ, ಉಪ್ಪು ಕಡಿಮೆಯಿದ್ದರೇ ಒಳ್ಳೆಯದು ಎಂದು ಬಲು ಮೆತ್ತಗೆ ಹೇಳಿಹೋದರು. ಬೈದಿದ್ದರೆ ಆಚಾರ್ರಿಗೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಅವರು ಉಪ್ಪು ಕೊಂಡ ಅಂಗಡಿಗೆ ಹೋಗಿ ತಮಿಳಿನಲ್ಲಿ ಜಗಳ ತೆಗೆದರು. ಮೂಟೆಯ ಉಪ್ಪು ಹಳೆಯದು, ಸತ್ವ ಹೋಗಿದೆ, ಮಳೆಯಲ್ಲಿ ನೆನೆದಿದೆ ಎಂದು ಬಾಯಿಗೆ ಬಂದದ್ದೆಲ್ಲ ಅಂದರು. ಅಂಗಡಿಯವನು ಮೂಟೆಯಿಂದ ಒಂದು ಹರಳು ತೆಗೆದು ಬಾಯಿಗೆ ಹಾಕಿಕೊಂಡ. ಸ್ವಾಮಿ, ಉಪ್ಪು ಉಪ್ಪಾಗಿಯೇ ಇದೆ ಎಂದು ಮುಖ ಕಿವುಚಿಕೊಂಡು ಹೇಳಿದ. ಆಚಾರ್ರು ಮನೆಗೆ ಬಂದು, ನಿನ್ನೆಯ ಸಾರು ಹೇಗಿತ್ತು ಎಂದು ಹೆಂಡತಿಯನ್ನು ಕೇಳಿದರು. "ಛಲೋ ಇತ್ತು" ಎಂದು ಭೀಮಾಬಾಯಿ ಒಲೆಯ ಕಡೆ ತಿರುಗಿದರು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅಂದಿನಿಂದ ಆಚಾರ್ರಿಗೆ ಒಂದೇ ಹಂಬಲ. ಬರುವ ಆರಾಧನೆಯಲ್ಲಿ ತಾನೇ ಒಲೆಯ ಮುಂದೆ ನಿಲ್ಲಬೇಕು. ಸರಿಯಾದ ಸಾರೊಂದನ್ನು ಮಾಡಿ ಕೈ ತೊಳೆದುಕೊಳ್ಳಬೇಕು. ಸಪ್ಪೆ ಸಾರಿನೊಂದಿಗೆ ತನ್ನ ಹೆಸರು ಮುಗಿಯಬಾರದು.

ಇನ್ನು ಆ ಪಥ್ಯದೂಟದ ವಿಷಯ. ಎರಡು ವರ್ಷದ ಹಿಂದೆ ಆಚಾರ್ರಿಗೆ ಹೊಟ್ಟೆ ಉಬ್ಬರಿಸಿ ಕಾಲು ಬಾತಾಗ, ಪೋರೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಲಿವರ್ ಗಟ್ಟಿಯಾಗಿ ಕುಗ್ಗಿದೆ ಎಂದಿದ್ದರು. ಲಿವರ್ ಎಂದ ಕೂಡಲೇ ಜನರ ಹುಬ್ಬು ಮೇಲೇರುತ್ತದೆ. ಆಚಮನದ ನೀರು ಮತ್ತು ಫಿಲ್ಟರ್ ಕಾಫಿ ಬಿಟ್ಟರೆ ಬೇರೇನೂ ಗಂಟಲಿಗೆ ಇಳಿಸದ ಮನುಷ್ಯನನ್ನು ನೋಡಿ ಬೀದಿಯವರು, ಪಾಪ, ಹೊರಗೆ ಮದುವೆಮನೆಗಳಿಗೆ ಅಡುಗೆಗೆ ಹೋಗುತ್ತಿದ್ದರಲ್ಲ, ಅಲ್ಲಿ ಅಭ್ಯಾಸವಾಗಿರಬೇಕು ಎಂದು ಪಿಸುಗುಟ್ಟಿದರು. ನಿಜವಾದ ಕಾರಣ ಸಕ್ಕರೆ ಕಾಯಿಲೆ. ಮೂವತ್ತು ವರ್ಷ ಬೆಳಗಿನಿಂದ ಸಂಜೆಯ ತನಕ ಹಸಿದಿದ್ದು, ನಾಲ್ಕು ಗಂಟೆಗೆ ಉಳಿದ ಹಯಗ್ರೀವ, ಲಾಡುಗಳನ್ನೇ ಊಟ ಮಾಡಿಕೊಂಡ ದೇಹದಲ್ಲಿ ಕೊಬ್ಬು ಲಿವರಿಗೆ ಹೋಗಿ ಕೂತಿತ್ತು. ಪ್ರಸಾದ ತಿಂದು ಬಂದ ಕಾಯಿಲೆ ಎಂದು ಯಾರಿಗೆ ಹೇಳುವುದು?

ಕೈಕಾಲು ಸಣ್ಣಗಾದವು, ಹೊಟ್ಟೆ ಮುಂದೆ ಬಂತು. ತೂಕದ ಯಂತ್ರದ ಮೇಲೆ ನಿಂತರೆ ಮೊದಲಿನಷ್ಟೇ ಅರವತ್ತೆಂಟು ಕಿಲೋ. ನೋಡು, ನಾನೇನೂ ಕರಗಿಲ್ಲ ಎಂದು ಆಚಾರ್ರು ಮಗಳಿಗೆ ಹೇಳುತ್ತಿದ್ದರು. ಮಗಳು ಅಕ್ಷಯಾಳಿಗೆ ಟಿ. ನಗರದ ಒಂದು ಬ್ಯಾಂಕಿನಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಹೊಟ್ಟೆಯಲ್ಲಿ ನೀರು ತುಂಬಿದಷ್ಟೂ ಮಾಂಸ ಹೋಗಿದೆ, ಅದಕ್ಕೇ ತೂಕ ಅಷ್ಟೇ ಇದೆ ಎಂಬುದು ಅವಳಿಗೆ ಗೊತ್ತಿತ್ತು. ಹೇಳಲು ಮನಸ್ಸು ಬರುತ್ತಿರಲಿಲ್ಲ.

ಲಿವರ್ ಕೆಟ್ಟವರಿಗೆ ಕಿಡ್ನಿಯ ಮೇಲೂ ಕಣ್ಣಿಟ್ಟಿರಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟರೆ ಫಲಿತಾಂಶ ಅಕ್ಷಯಾಳ ಫೋನಿಗೆ ಬರುತ್ತಿತ್ತು. ಆ ಉದ್ದನೆಯ ಪಟ್ಟಿಯಲ್ಲಿ ಲಿವರಿನ ಸಾಲುಗಳೆಲ್ಲ ಕೆಂಪು. ಕಿಡ್ನಿಯದು ಒಂದೇ ಸಾಲು, ಕ್ರಿಯೇಟಿನಿನ್ ಎಂದು ಅದರ ಹೆಸರು, ಅದು ಮಾತ್ರ ಕಪ್ಪಕ್ಷರದಲ್ಲಿ ಸಾಧುವಾಗಿ ಕೂತಿರುತ್ತಿತ್ತು. ಸೊನ್ನೆ ಪಾಯಿಂಟ್ ಒಂಬತ್ತು. ಪ್ರತಿ ಸಲವೂ ಅಷ್ಟೇ. "ನಾರ್ಮಲ್ ತಾನ್ ಅಪ್ಪಾ" ಎನ್ನುತ್ತಿದ್ದಳು ಅಕ್ಷಯಾ. ಆಚಾರ್ರು ಆ ಒಂದು ಸಾಲನ್ನು ಹಿಡಿದುಕೊಂಡರು. ದೇಹದ ಒಂದು ಭಾಗವಾದರೂ ಮರ್ಯಾದೆ ಉಳಿಸಿದೆಯಲ್ಲ ಎಂದು ಅವರಿಗೆ ಹೆಮ್ಮೆ. ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ನುಂಗುವಾಗಲೂ, ಏಕಾದಶಿಗೆ ತೊಟ್ಟು ನೀರು ಕುಡಿಯದೆ ಇರುವಾಗಲೂ ಆ ಒಂಬತ್ತೇ ಅವರಿಗೆ ಧೈರ್ಯ.

ಈ ವರ್ಷ ಆಷಾಢ ಬಂದಾಗ ಅವರು ಸುಶಮೀಂದ್ರರನ್ನು ಕಂಡು ಆರಾಧನೆಯ ಅಡುಗೆ ತನ್ನದೇ ಎಂದರು. ಸುಶಮೀಂದ್ರ ಅವರ ಕೈಕಾಲು ನೋಡಿದರು, ಹೊಟ್ಟೆ ನೋಡಿದರು, ತಲೆ ಕೆರೆದುಕೊಂಡರು. ಕೊನೆಗೆ, ಡಾಕ್ಟರು ಹೂಂ ಅಂದರೆ ನನ್ನದೇನೂ ಅಡ್ಡಿಯಿಲ್ಲ ಎಂದರು. ಆಚಾರ್ರಿಗೆ ಅಷ್ಟೇ ಸಾಕಾಗಿತ್ತು. ಕಿಡ್ನಿ ಸರಿಯಾಗಿದೆ ಎಂದು ಬರೆಸಿಕೊಂಡು ಬರುತ್ತೇನೆ ಎಂದು ಹೊರಟೇಬಿಟ್ಟರು.

ಆ ಸಲ ಪೋರೂರಿನಲ್ಲಿ ಹೊಸ ಡಾಕ್ಟರಮ್ಮ ಇದ್ದರು. ನಲವತ್ತರ ಆಸುಪಾಸಿನವರು, ತಮಿಳರು, ಮಾತು ಕಡಿಮೆ. ಆಚಾರ್ರು ಕೂತವರೇ ಆರಾಧನೆ, ನಾನೂರು ಎಲೆ, ಮೂವತ್ನಾಲ್ಕು ವರ್ಷ ಎಲ್ಲವನ್ನೂ ಹೇಳಿ, ಕಡೆಗೆ ಕಿಡ್ನಿ ನಂಬರ್ ಒಂಬತ್ತು ಎಂದು ಸೇರಿಸಿದರು. ಡಾಕ್ಟರಮ್ಮ ಕಾಗದವನ್ನು ನೋಡಲಿಲ್ಲ, ಅವರ ಕೈಯನ್ನು ನೋಡಿದರು. ಹೆಬ್ಬೆರಳಿನ ಬುಡದಲ್ಲಿ ಉಬ್ಬಿರಬೇಕಾದ ಮಾಂಸ ಗುಳಿ ಬಿದ್ದಿತ್ತು. ಮೇಜಿನ ಖಾನೆಯಿಂದ ಹಿಡಿಯಿರುವ ಒಂದು ಸಣ್ಣ ಯಂತ್ರ ತೆಗೆದು ಅವರ ಬಲಗೈಗೆ ಕೊಟ್ಟು, "ನಲ್ಲಾ ಅಮುಕ್ಕುಂಗ" ಎಂದರು. ಚೆನ್ನಾಗಿ ಅದುಮಿ ಎಂದು. ಆಚಾರ್ರಿಗೆ ನಗು ಬಂತು. ಕೊಪ್ಪರಿಗೆ ಇಳಿಸುವ ಕೈ ಇದು. ಹಲ್ಲು ಕಚ್ಚಿ ಅದುಮಿದರು. ಮೂರು ಸಲ ಅದುಮಿದರು. ಮೂರು ಸಲವೂ ಮುಳ್ಳು ಹದಿನಾಲ್ಕು ಕಿಲೋ ದಾಟಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಿದರು. ಡಾಕ್ಟರಮ್ಮ ಅದನ್ನು ತಾವೇ ಹಿಡಿದು ಅದುಮಿದರು. ಇಪ್ಪತ್ತಾರು.

ಆಮೇಲೆ ಡಾಕ್ಟರಮ್ಮ ನಿಧಾನವಾಗಿ ತಮಿಳಿನಲ್ಲಿ ವಿವರಿಸಿದರು. ಈ ಕ್ರಿಯೇಟಿನಿನ್ ಎಂಬುದು ಮಾಂಸಖಂಡದಿಂದ ದಿನಾ ಉದುರುವ ಕಸ. ಅದಕ್ಕೆ ಬೇಕಾದ ಸರಕು ತಯಾರಾಗುವುದು ಬಹುಪಾಲು ಲಿವರಿನಲ್ಲಿ. ಕಿಡ್ನಿ ಆ ಕಸವನ್ನು ಸೋಸಿ ಹೊರಗೆ ಹಾಕುತ್ತದೆ. ರಕ್ತದಲ್ಲಿ ಕಸ ಹೆಚ್ಚಾದರೆ ಕಿಡ್ನಿ ಸೋತಿದೆ, ಕಡಿಮೆಯಿದ್ದರೆ ಚೆನ್ನಾಗಿದೆ ಎಂದು ನಾವು ಅಂದಾಜು ಮಾಡುತ್ತೇವೆ. ಗಟ್ಟಿಮುಟ್ಟಾದವರಿಗೆ ಆ ಅಂದಾಜು ಸರಿ. ನಿಮ್ಮಲ್ಲಿ ಮಾಂಸವೇ ಹೋಗಿದೆ, ಲಿವರೂ ಸೋತಿದೆ. ಕಸ ಹುಟ್ಟುವುದೇ ಕಡಿಮೆ. ಕಿಡ್ನಿ ಕೆಲಸ ಮಾಡಲಿ ಬಿಡಲಿ, ನಂಬರ್ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ವಿಷಯದಲ್ಲಿ ಈ ಒಂಬತ್ತನ್ನು ನಾನು ನಂಬುವುದಿಲ್ಲ.

ಜೊತೆಗೆ ಬಂದಿದ್ದ ಅಕ್ಷಯಾ ಏನೋ ಕೇಳಲು ಬಾಯಿ ತೆರೆದಳು. ಆಚಾರ್ರು ಅವಳ ಮೊಣಕೈ ಮುಟ್ಟಿ ತಡೆದರು. ಅವರು ತಮ್ಮ ಬಲಗೈಯನ್ನೇ ನೋಡುತ್ತಿದ್ದರು. ಅದನ್ನು ಮುಷ್ಟಿ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಬೆರಳುಗಳ ನಡುವೆ ಸಂದಿ ಬಿದ್ದಿತ್ತು. ಬೆಳಕು ಕಾಣುವಷ್ಟು ಸಂದಿ. ಕಲ್ಲುಪ್ಪಿನ ಹರಳು ಜಾರಿಹೋಗುವಷ್ಟು.

"ಉಪ್ಪಿನ ತಪ್ಪಲ್ಲ" ಎಂದರು ಕನ್ನಡದಲ್ಲಿ. ಮತ್ತೆ ಡಾಕ್ಟರಮ್ಮನಿಗೆ ಅರ್ಥವಾಗಲೆಂದು ತಮಿಳಿಗೆ ತಿರುಗಿ, ಮೂರು ಮುಷ್ಟಿಯ ಲೆಕ್ಕ, ಹಿಂದಿರುಗಿದ ಬಕೆಟ್ಟು, ಅಂಗಡಿಯವನೊಡನೆ ಮಾಡಿದ ಜಗಳ ಎಲ್ಲವನ್ನೂ ಹೇಳಿದರು. ಮೂರು ಮುಷ್ಟಿಯನ್ನೇ ಹಾಕಿದ್ದೆ ಅಮ್ಮಾ, ಮುಷ್ಟಿಯೇ ಸಣ್ಣದಾಗಿತ್ತು, ಅಂಗೈ ಮಾತ್ರ ತುಂಬಿದೆ ಎಂದೇ ಹೇಳುತ್ತಿತ್ತು ಎಂದರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಡಾಕ್ಟರಿಕೆ ಓದಲು ಬರುವ ಹುಡುಗರಿಗೆ ಇದನ್ನು ತಿಳಿಸಲು ನನಗೆ ಒಂದು ಗಂಟೆ ಬೇಕಾಗುತ್ತದೆ ಎಂದಷ್ಟೇ ಹೇಳಿ, ಇನ್ನೊಂದು ರಕ್ತಪರೀಕ್ಷೆ ಬರೆದುಕೊಟ್ಟರು. ಸಿಸ್ಟಾಟಿನ್ ಎಂದು ಅದರ ಹೆಸರು. ಅದಕ್ಕೆ ಮಾಂಸದ ಹಂಗು ಅಷ್ಟಾಗಿ ಇಲ್ಲ.

ನಾಲ್ಕು ದಿನಕ್ಕೆ ಫಲಿತಾಂಶ ಬಂತು. ಹಳೆಯ ಲೆಕ್ಕದಲ್ಲಿ ಆಚಾರ್ರ ಕಿಡ್ನಿ ನೂರರಲ್ಲಿ ತೊಂಬತ್ತರ ಮೇಲೆ ಕೆಲಸ ಮಾಡುತ್ತಿತ್ತು. ಹೊಸ ಲೆಕ್ಕದಲ್ಲಿ ಮೂವತ್ತಾರು. ಡಾಕ್ಟರಮ್ಮ ಮಂಡಿನೋವಿನ ಗುಳಿಗೆ ಪೂರ್ತಿ ನಿಲ್ಲಿಸಿದರು, ನೀರು ಇಳಿಸುವ ಗುಳಿಗೆಯ ಪ್ರಮಾಣ ಬದಲಿಸಿದರು. ನಿರ್ಜಲ ಉಪವಾಸ ಕೂಡದು, ಬೆಳಿಗ್ಗೆ ಎದ್ದ ಕೂಡಲೇ ಏನಾದರೂ ತಿನ್ನಬೇಕು, ಬೆಂಕಿಯ ಮುಂದೆ ಗಂಟೆಗಟ್ಟಲೆ ಬೆವರುತ್ತ ನಿಲ್ಲುವುದಂತೂ ಆಗದ ಮಾತು ಎಂದರು. ಮಡಿಯಲ್ಲಿ ಅಡುಗೆ ಮಾಡುವವನು ನೈವೇದ್ಯವಾಗುವ ತನಕ ಬಾಯಿಗೆ ನೀರು ಹಾಕುವಂತಿಲ್ಲ. ಹಾಗಾಗಿ ಅಡುಗೆಮನೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಆಚಾರ್ರು ವಾದಿಸಲಿಲ್ಲ. ಆರಾಧನೆಯ ದಿನ ಪಂಕ್ತಿಯಲ್ಲಿ ಕೂತು ಒಂದು ಸೌಟು ಸಾರು ಉಣ್ಣಬಹುದೇ ಎಂದು ಮಾತ್ರ ಕೇಳಿದರು. ಡಾಕ್ಟರಮ್ಮ ಯೋಚಿಸಿ, ಅರ್ಧ ಸೌಟು ಎಂದರು.

ಮನೆಗೆ ಬಂದರೂ ಅವರ ಮನಸ್ಸು ಮಠದಲ್ಲೇ ಇತ್ತು. ಅಡುಗೆಮನೆ ಬೇಕಾಗಿತ್ತು ಅವರಿಗೆ. ಬೇಳೆ ಉಕ್ಕುವಾಗಿನ ನೊರೆ, ಒಗ್ಗರಣೆಗೆ ಇಂಗು ಬಿದ್ದಾಗ ಮೂಗಿಗೆ ಬಡಿಯುವ ಆ ಘಾಟು, ಒದ್ದೆ ಪಂಚೆಗೆ ತಾಗುವ ಶಾಖ ಎಲ್ಲವೂ ಬೇಕಾಗಿತ್ತು. ಬೆಳಿಗ್ಗೆ ಮೆಟ್ರೋ ಕೆಲಸಕ್ಕೆ ಅಗೆದ ರಸ್ತೆಯ ತಗಡುಗಳ ಪಕ್ಕದಲ್ಲಿ ನಡೆದು ಮಠದ ಹಿಂದಿನ ಗಲ್ಲಿಯವರೆಗೆ ಹೋಗುತ್ತಿದ್ದರು. ಕಿಟಕಿಯಿಂದ ಹೊಗೆ ಬರುತ್ತಿತ್ತು. ಹತ್ತು ನಿಮಿಷ ನಿಂತು, ಯಾರಾದರೂ ಕಂಡರೆ ಫೋನು ಬಂದವರಂತೆ ನಟಿಸಿ ಹಿಂದಿರುಗುತ್ತಿದ್ದರು.

ಅಡುಗೆ ಈಗ ಸಂಜೀವನ ಪಾಲಿಗೆ ಬಂದಿತ್ತು. ಹದಿನೈದು ವರ್ಷ ಆಚಾರ್ರ ಕೈಕೆಳಗೆ ಅಡುಗೆಗೆ ನಿಂತವನು, ನಲವತ್ತರವನು, ಒಳ್ಳೆಯವನು. ಆರಾಧನೆಗೆ ಒಂದು ವಾರವಿರುವಾಗ ಮನೆಗೆ ಬಂದು ಉಪ್ಪಿನ ಲೆಕ್ಕ ಕೇಳಿದ. ಅಷ್ಟು ವರ್ಷವೂ ಉಪ್ಪು ಹಾಕುವ ಕೆಲಸವನ್ನು ಆಚಾರ್ರು ಬೇರೆಯವರಿಗೆ ಬಿಟ್ಟಿರಲಿಲ್ಲ. ಪಡಿಗೆ ಮೂರು ಮುಷ್ಟಿ ಎಂದರು. ಸಂಜೀವ ತನ್ನ ಮುಷ್ಟಿ ಹಿಡಿದು ತೋರಿಸಿದ. ಸುಲಿದ ತೆಂಗಿನಕಾಯಿಯ ಗಾತ್ರವಿತ್ತು. ಅದರಲ್ಲಿ ಮೂರು ಹಾಕಿದರೆ ನಾನೂರು ಜನ ನೀರಿಗಾಗಿ ಎದ್ದು ಓಡುತ್ತಾರೆ. ಆಚಾರ್ರು ತಮ್ಮದನ್ನು ತೋರಿಸಿದರು. ಅದೂ ಸುಳ್ಳು ಹೇಳುವ ಮುಷ್ಟಿ ಎಂದು ಈಗ ಗೊತ್ತಾಗಿತ್ತಲ್ಲ. ಅಕ್ಷಯಾ ಗ್ರಾಂ ತೋರಿಸುವ ತಕ್ಕಡಿ ತಂದಿಟ್ಟು, ತೂಗಿ ನೋಡಿ ಬರೆದಿಟ್ಟುಕೊಳ್ಳೋಣ ಎಂದಳು. ಏನನ್ನು ತೂಗುವುದು? ತೂಗಬೇಕಾಗಿದ್ದ ಆ ಹಳೆಯ ಮುಷ್ಟಿ ಲೋಕದಲ್ಲೇ ಇರಲಿಲ್ಲ.

ಇದನ್ನೆಲ್ಲ ಕೇಳುತ್ತ ಕೂತಿದ್ದ ಭೀಮಾಬಾಯಿ ಎದ್ದು ಒಳಗೆ ಹೋದರು. ಬೇಳೆ ಡಬ್ಬಿಗಳನ್ನು ಸರಿಸುವ ಸದ್ದಾಯಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಸಣ್ಣ ಹಿತ್ತಾಳೆ ಬಟ್ಟಲಿತ್ತು. ಕಪ್ಪಿಟ್ಟಿತ್ತು. ಸೆರಗಿನಿಂದ ಒಳಭಾಗ ಒರೆಸಿ ಗಂಡನ ಮುಂದೆ ಇಟ್ಟರು. ಒಳಗೆ, ಅಂಚಿಗಿಂತ ಸ್ವಲ್ಪ ಕೆಳಗೆ, ಮೊಳೆಯಿಂದ ಗೀಚಿದ ಒಂದು ಗೆರೆ.

ಆಚಾರ್ರಿಗೆ ತಟ್ಟನೆ ನೆನಪಾಗಲಿಲ್ಲ. ಅಕ್ಷಯಾಳನ್ನು ತೊಟ್ಟಿಲಿಗೆ ಹಾಕಿದ ದಿನ, ಎಂದು ಭೀಮಾಬಾಯಿ ನೆನಪು ಮಾಡಿಕೊಟ್ಟರು. ಮೂವತ್ತೊಂದು ವರ್ಷದ ಹಿಂದಿನ ಮಾತು. ಆಚಾರ್ರು ಸೇಲಂನ ಮದುವೆಯೊಂದಕ್ಕೆ ಒಪ್ಪಿಕೊಂಡಿದ್ದರು, ತೊಟ್ಟಿಲಿಗೆ ಅವರೇ ಇಲ್ಲ. ಮನೆಯಲ್ಲಿ ಮೂವತ್ತು ಜನಕ್ಕೆ ಅಡುಗೆ. ಹೊರಡುವಾಗ ಅವರು ಇಷ್ಟು ಬೇಳೆಗೆ ಎರಡು ಮುಷ್ಟಿ ಉಪ್ಪು ಎಂದಾಗ, ಯಾರ ಮುಷ್ಟಿ, ನಿಮ್ಮದೋ ನನ್ನದೋ ಎಂದು ಬಾಣಂತಿ ಭೀಮಾಬಾಯಿ ಕೇಳಿದ್ದರು. ಆಚಾರ್ರು ನಕ್ಕು, ಕೈಗೆ ಸಿಕ್ಕ ಈ ಬಟ್ಟಲಿಗೆ ಒಂದು ಮುಷ್ಟಿ ಉಪ್ಪು ಸುರಿದು ಬಸ್ಸಿಗೆ ಓಡಿದ್ದರು. ಗೆರೆ ಹಾಕಿದ್ದು ಭೀಮಾಬಾಯಿ.

ಸಂಜೀವ ಉಪ್ಪಿನ ಡಬ್ಬಿ ತಂದ. ಆಚಾರ್ರು ಕೈ ಹಾಕಿ, ಅಂಗೈ ತುಂಬಿತೆಂದು ಹೇಳುವ ತನಕ ಹಿಡಿದು ಬಟ್ಟಲಿಗೆ ಬಿಟ್ಟರು. ಉಪ್ಪು ಗೆರೆಗಿಂತ ಒಂದು ಬೆರಳು ಕೆಳಗೆ ನಿಂತಿತು. ಒಳಗಿನ ಆ ಖಾಲಿ ಪಟ್ಟಿಯನ್ನು ಅವರು ಬಹಳ ಹೊತ್ತು ನೋಡಿದರು. ಕಳೆದುಹೋದದ್ದು ಇಷ್ಟು ಎಂದು ಅಳೆದು ಕಣ್ಣೆದುರು ಇಟ್ಟಂತಿತ್ತು.

"ಇದನ್ನ ಯಾಕ ಇಟ್ಕೊಂಡಿದ್ದಿ ಇಷ್ಟು ವರ್ಷ?" ಎಂದು ಕೇಳಿದರು.

"ನೀವು ಊರಾಗ ಎಲ್ಲಿರ್ತಿದ್ರಿ? ಇವತ್ತು ಸೇಲಂ, ನಾಳೆ ಕುಂಭಕೋಣಂ" ಎಂದರು ಭೀಮಾಬಾಯಿ. ಮಗಳ ಕಡೆ, ಸಂಜೀವನ ಕಡೆ ನೋಡಿ ಸ್ವಲ್ಪ ತಡೆದರು. ಆಮೇಲೆ ಹೇಳಿಯೇಬಿಟ್ಟರು. "ನೀವು ಇಲ್ಲದಾಗ ಆ ಗೆರೀತನ ಉಪ್ಪು ಹಾಕಿ ನೋಡ್ತಿದ್ದೆ. ನೋಡಿ ಮತ್ತ ಡಬ್ಬಿಗೆ ಸುರೀತಿದ್ದೆ. ಅಷ್ಟ."

ಅಕ್ಷಯಾ ತಕ್ಕಡಿಯನ್ನು ಎತ್ತಿ ಅದರ ಪೆಟ್ಟಿಗೆಯೊಳಗೆ ಇಟ್ಟಳು. ಸಂಜೀವ ಬಟ್ಟಲನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡು, ತೊಳೆದು ಹುಣಸೆಹಣ್ಣು ಹಾಕಿ ಉಜ್ಜಿ ಮಡಿಯಲ್ಲಿ ಇಡುತ್ತೇನೆ, ಗೆರೆ ಅಳಿಸದಂತೆ ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದ.

ಮಧ್ಯಾರಾಧನೆಯ ದಿನ ಆಚಾರ್ರು ಬೆಳಿಗ್ಗೆ ಡಾಕ್ಟರಮ್ಮ ಹೇಳಿದಂತೆ ಎರಡು ಇಡ್ಲಿ ತಿಂದೇ ಮಠಕ್ಕೆ ಹೋದರು. ತಿಂದ ತಪ್ಪಿಗೆ ರಾಯರ ಮುಂದೆ ಎರಡು ನಮಸ್ಕಾರ ಹೆಚ್ಚು ಹಾಕಿದರು. ಅಡುಗೆಮನೆಯ ಹೊಸ್ತಿಲಿನ ತನಕ ಹೋಗಿ ನಿಂತರು. ಒಳಗೆ ಕಾಲಿಡಲಿಲ್ಲ. ಮಡಿಯಲ್ಲಿಲ್ಲದವರು ಇಡುವಂತಿಲ್ಲ, ಆ ನಿಯಮವನ್ನು ಇತರರಿಗೆ ಕಲಿಸಿದವರೇ ಅವರು. ಸಂಜೀವ ಬೆನ್ನು ತಿರುಗಿಸಿ ಕೊಪ್ಪರಿಗೆಯ ಮುಂದೆ ನಿಂತಿದ್ದ. ಹೊಳೆಯುವ ಸಣ್ಣ ಬಟ್ಟಲು ಉಪ್ಪಿನ ಮರಿಗೆಗೂ ಕೊಪ್ಪರಿಗೆಗೂ ಹೋಗಿ ಬರುತ್ತಿತ್ತು. ಆಚಾರ್ರು ಮನಸ್ಸಿನಲ್ಲೇ ಎಣಿಸಿದರು. ಹದಿನೈದು. ಐದು ಪಡಿಗೆ ಸರಿಯಾಯಿತು.

ಸುಶಮೀಂದ್ರ ಅವರನ್ನು ಮೊದಲ ಪಂಕ್ತಿಯಲ್ಲಿ ಕಂಬದ ಪಕ್ಕ ಕೂರಿಸಿದರು. ಇಲ್ಲಿಂದ ನೋಡಿದರೆ, ತಾವು ಎಣಿಸುತ್ತ ನಿಲ್ಲುತ್ತಿದ್ದ ಬಾಗಿಲ ಮರೆ ಬೇರೆಯೇ ಆಗಿ ಕಾಣುತ್ತಿತ್ತು. ಅಲ್ಲಿ ಈಗ ಯಾರೂ ನಿಂತಿರಲಿಲ್ಲ. ಎದುರು ಸಾಲಿನಲ್ಲಿ ಭೀಮಾಬಾಯಿ, ಅವರ ಪಕ್ಕದಲ್ಲಿ ಅಕ್ಷಯಾ. ಕೋಸಂಬರಿ ಬಂತು, ಪಲ್ಯ ಬಂತು, ಅನ್ನ ಬಂತು. ಪಥ್ಯದವರೆಂದು ಆಚಾರ್ರ ಎಲೆಗೆ ಎಲ್ಲವೂ ಚಿಟಿಕೆ ಚಿಟಿಕೆ. ಸಾರಿನ ಬಕೆಟ್ಟು ಬಂದಾಗ ಅವರು ಅನ್ನದ ನಡುವೆ ಕುಳಿ ಮಾಡಿ, ಅರ್ಧ ಸೌಟು ಎಂದು ಬೆರಳಲ್ಲಿ ತೋರಿಸಿದರು.

ಕಲಸುವಾಗ ಬೆರಳು ಸುಟ್ಟಿತು. ಮಠದ ಸಾರನ್ನು ಅವರು ಹಾಗೆ ಸುಡುವಂತೆ ಕೈಯಲ್ಲಿ ಕಲಸಿದ್ದು ಇದೇ ಮೊದಲು. ಒಂದು ತುತ್ತು ಬಾಯಿಗಿಟ್ಟರು. ವರ್ಷಗಟ್ಟಲೆ ಉಪ್ಪು ಕಾಣದ ನಾಲಿಗೆ ಒಮ್ಮೆ ಬೆಚ್ಚಿತು. ಅದರ ಹಿಂದೆಯೇ ಹುಳಿ, ಮೆಣಸು, ಇಂಗು, ಬೇಳೆಯ ತಿಳಿ ಒಂದೊಂದಾಗಿ ಇಳಿದುಬಂದವು. ಇದನ್ನೇ ನಾನು ಇಷ್ಟು ವರ್ಷ ಮಾಡುತ್ತಿದ್ದದ್ದು ಎಂದು ಅವರಿಗೆ ಆಶ್ಚರ್ಯವಾಯಿತು. ಸರಿಯಾಗಿತ್ತೇ, ಹೆಚ್ಚಾಗಿತ್ತೇ? ಅವರ ನಾಲಿಗೆಯನ್ನು ನಂಬುವ ಕಾಲ ಹೋಗಿತ್ತು. ನಾಲ್ಕು ತುತ್ತಿಗೆ ಅರ್ಧ ಸೌಟು ಮುಗಿಯಿತು.

ಬಕೆಟ್ಟು ಎರಡನೆಯ ಸಲ ಬಂತು. ಸಾರು, ಸಾರು ಎನ್ನುತ್ತ ಬಡಿಸುವವರು ಕಂಬದ ಹತ್ತಿರ ಬಂದರು. ಆಚಾರ್ರಿಗೆ ಇನ್ನೊಂದು ಸೌಟು ಬೇಕಾಗಿತ್ತು. ಜೀವ ಅದರ ಕಡೆಗೇ ಎಳೆಯಿತು. ಬೇಕೆನ್ನಲು ಎದ್ದ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದರು. ಬಕೆಟ್ಟು ಅವರನ್ನು ದಾಟಿ ಹೋಯಿತು. ಸಾಲಿನ ಕೊನೆ ತಿರುಗಿ ಹೆಂಗಸರ ಕಡೆಗೆ ಬರುವವರೆಗೂ ಅವರು ತಲೆ ಎತ್ತಲಿಲ್ಲ. ಹೋದ ವರ್ಷ ಅತ್ತ ನೋಡಿದ್ದು ಇನ್ನೂ ನೋಯುತ್ತಿತ್ತು.

ಆಗ ಎದುರು ಸಾಲಿನಿಂದ ಒಂದು ದನಿ ಕೇಳಿತು. ಮೂವತ್ತೈದು ವರ್ಷದಲ್ಲಿ ಆ ಪಂಕ್ತಿಯಲ್ಲಿ ಒಮ್ಮೆಯೂ ಏಳದ ದನಿ, ಗಂಡಸರ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ.

"ಸಾರು ಈ ಕಡೆ ತರ್ರಿ."

ಆಚಾರ್ರು ತಲೆಯೆತ್ತಿದರು. ಭೀಮಾಬಾಯಿ ಬಡಿಸುವವರ ಕಡೆ ನೋಡುತ್ತಿರಲಿಲ್ಲ, ಗಂಡನ ಕಡೆ ನೋಡುತ್ತಿದ್ದರು. ಎಲೆಯ ಮೇಲೆ ಕುಳಿ ಮಾಡಿದ ಅನ್ನ ಸಾರಿಗೆ ಕಾಯುತ್ತಿತ್ತು. ಸೌಟು ಬಗ್ಗಿತು, ಸಾರು ಬಿತ್ತು. ಅವರ ಪಕ್ಕದವರು ಕರೆದರು, ಆಮೇಲೆ ಇನ್ನೊಬ್ಬರು. ಪಂಢರಿ ಆಚಾರ್ರು ಎಡಗೈಯ ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿನ ಮೇಲಿಟ್ಟು ಎಣಿಸತೊಡಗಿದರು.